ನೆಲ್ಲಿಕಾಯಿಯ ಅಣು, ಸಂಶೋಧನಾರ್ಥಿಯ ಲೆಕ್ಕ

ಯಳಂದೂರು: ಈ ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಗ್ರಹಿಸುವ ಕಾಡುನೆಲ್ಲಿಯಲ್ಲಿ ಗ್ಯಾಲಿಕ್ ಆಮ್ಲವೆಂಬ ವಸ್ತುವಿದೆ. ಅದರ ಒಂದು ಅಣುವಿನಲ್ಲಿ 18 ಪರಮಾಣುಗಳು, 88 ಎಲೆಕ್ಟ್ರಾನುಗಳು. ಅಣುವಿನ ಆಕಾರವೇನು, ಅದರಿಂದ ಒಂದು ಹೈಡ್ರೋಜನ್ ಕಳಚಲು ಎಷ್ಟು ಶಕ್ತಿ ಬೇಕು ಎಂಬುದನ್ನು ಪ್ರನಾಳದ ಗೊಡವೆಯಿಲ್ಲದೆ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಬಹುದು. ಇದೇ ಗಣಕೀಯ ರಸಾಯನಶಾಸ್ತ್ರ.

ಸುಸಜ್ಜಿತ ಪ್ರಯೋಗಾಲಯ ಕಾಣದ ಊರುಗಳಿಂದ ಪಿಎಚ್.ಡಿ.ಗೆ ಸೇರುವವರಿಗೆ ಈ ಶಾಖೆ ವರದಾನವಾಗಿ ತೋರುವುದು ಸಹಜ. ದುಬಾರಿ ಉಪಕರಣ ಬೇಡ. ಗ್ಯಾಲಿಕ್ ಆಮ್ಲದಷ್ಟು ಚಿಕ್ಕ ಅಣುವಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ‘ಓರ್ಕಾ’ ತಂತ್ರಾಂಶ ಶೈಕ್ಷಣಿಕ ಬಳಕೆಗೆ ಉಚಿತ, ‘ಕ್ವಾಂಟಮ್ ಎಸ್ಪ್ರೆಸೊ’ ಮುಕ್ತ ತಂತ್ರಾಂಶ. ಜಾನ್ ಪೋಪಲ್ 1970ರಲ್ಲಿ ‘ಗಾಸಿಯನ್’ ತಂತ್ರಾಂಶವನ್ನು ಹೊರತಂದಾಗ ಇಂತಹ ಅನುಕೂಲ ಊಹೆಗೂ ನಿಲುಕದ್ದಾಗಿತ್ತು. ಎಲೆಕ್ಟ್ರಾನ್ ಸಾಂದ್ರತೆಯ ಸಿದ್ಧಾಂತ ರೂಪಿಸಿದ ವಾಲ್ಟರ್ ಕೋನ್ ಅವರೊಂದಿಗೆ ಪೋಪಲ್ 1998ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ತೊಡಕು ಇರುವುದು ಬೇರೆಡೆ. ಪ್ರಯೋಗಾಲಯದಲ್ಲಿ ತಪ್ಪಾದರೆ ದ್ರಾವಣ ಕೆಡುತ್ತದೆ, ಕಣ್ಣಿಗೆ ಕಾಣುತ್ತದೆ. ತಂತ್ರಾಂಶವಾದರೋ ತಪ್ಪು ವಿಧಾನ ಆರಿಸಿಕೊಂಡವನಿಗೂ ಆರು ದಶಮಾಂಶಗಳವರೆಗೆ ಉತ್ತರ ಕೊಡುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಕ್ರಿಯೆಗೆ ಬೇಕಾದ ಶಕ್ತಿಯ ಲೆಕ್ಕ ಮೋಲ್‌ಗೆ ಕೇವಲ 1.4 ಕಿಲೋಕ್ಯಾಲೊರಿ ತಪ್ಪಿದರೂ, ಆ ಕ್ರಿಯೆಯ ವೇಗದ ಅಂದಾಜು ಹತ್ತು ಪಟ್ಟು ಏರುಪೇರಾಗುತ್ತದೆ. ಬಹುಜನಪ್ರಿಯವಾದ ‘ಬಿ3ಎಲ್‌ವೈಪಿ’ ವಿಧಾನವು ಮೂಲರೂಪದಲ್ಲಿ ಅಣುಗಳ ನಡುವಿನ ದುರ್ಬಲ ಸೆಳೆತವನ್ನು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಪ್ರತ್ಯೇಕ ತಿದ್ದುಪಡಿ ಸೇರಿಸಬೇಕು. ಇದನ್ನು ಹೇಳಿಕೊಡುವವರಿಲ್ಲದಿದ್ದರೆ ಎರಡು ವರ್ಷದ ದುಡಿಮೆ ನೀರುಪಾಲಾದೀತು.

ಹಾಗಾದರೆ ಅತ್ಯಂತ ನಿಖರ ವಿಧಾನವನ್ನೇ ಬಳಸಬಾರದೇಕೆ? ಉತ್ತರ ಸರಳ ಗುಣಾಕಾರದಲ್ಲಿದೆ. ‘ಕಪಲ್ಡ್ ಕ್ಲಸ್ಟರ್’ ಎಂಬ ಉನ್ನತ ವಿಧಾನದ ಪ್ರಮಾಣಿತ ರೂಪದಲ್ಲಿ ಅಣುವಿನ ಗಾತ್ರ ಎರಡು ಪಟ್ಟಾದರೆ ಲೆಕ್ಕದ ಹೊರೆ 128 ಪಟ್ಟಾಗುತ್ತದೆ. ಒಂದು ಗಂಟೆಯ ಕೆಲಸಕ್ಕೆ ಐದು ದಿನಗಳಿಗೂ ಮೀರಿ ಹಿಡಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ದಂತಹ ಸೂಪರ್ ಕಂಪ್ಯೂಟರ್ ಇದ್ದರೂ ವಿಧಾನವನ್ನು ಅಳೆದು ತೂಗಿಯೇ ಆರಿಸಬೇಕು.

ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿ.ಗೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಕಡ್ಡಾಯಗೊಳಿಸಿದೆ. ಆದರೆ ಲಿನಕ್ಸ್ ಆದೇಶಗಳು, ಕ್ವಾಂಟಮ್ ಗಣಿತ, ಫಲಿತಾಂಶದ ಪರಿಶೀಲನೆ ಇವೆಲ್ಲ ಕೈಹತ್ತಲು ಅಷ್ಟು ಸಾಲದು. ಎನ್‌ಪಿಟಿಇಎಲ್‌ನ ಉಚಿತ ಪಾಠಗಳು ಸಿದ್ಧಾಂತದ ಮಟ್ಟಿಗೆ ನೆರವಾಗುತ್ತವೆ. ಉಳಿದದ್ದು ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆ, ಬಹುಮಟ್ಟಿಗೆ ಬಡಗಿಯ ಕಸುಬಿನಂತೆ.

ಆರಂಭಕ್ಕೆ ನೀರಿನ ಅಣುವೇ ಒಳ್ಳೆಯದು. ಅದರ ಬಂಧಕೋನ 104.5 ಡಿಗ್ರಿ ಎಂಬುದು ಪ್ರಯೋಗದಿಂದ ಸಿದ್ಧ. ಬೇರೆ ಬೇರೆ ವಿಧಾನಗಳಲ್ಲಿ ಲೆಕ್ಕ ಹಾಕಿ, ಯಾವುದು ಎಷ್ಟು ದೂರ ಸರಿಯಿತೆಂದು ಬರೆದಿಟ್ಟುಕೊಳ್ಳಬೇಕು. ಅನಂತರವಷ್ಟೇ ನೆಲ್ಲಿಕಾಯಿಯ ಸರದಿ. ಗ್ಯಾಲಿಕ್ ಆಮ್ಲ ಯಾವುದೋ ರೋಗದ ಪ್ರೋಟೀನಿಗೆ ಅಂಟುತ್ತದೆಂದು ಡಾಕಿಂಗ್ ತಂತ್ರಾಂಶ ಒಳ್ಳೆಯ ಅಂಕ ಕೊಟ್ಟ ಮಾತ್ರಕ್ಕೆ ಅದು ಔಷಧವಾಗದು. ಆ ಅಂಕ ಒರಟು ಅಂದಾಜು ಮಾತ್ರ. ಅಲ್ಲಿಂದ ಮುಂದೆ ಮತ್ತೆ ಪ್ರನಾಳವೇ ಬೇಕು.