ತುರ್ತು ಚಿಕಿತ್ಸಾ ಸಿಬ್ಬಂದಿಯೂ ಆತ್ಮರಕ್ಷಣೆಯ ಪಿಸ್ತೂಲೂ

ರೋಗಿಯನ್ನು ಕರೆತರಲು ಅಪರಾತ್ರಿಯಲ್ಲಿ ಹಳ್ಳಿಯ ಹಾದಿ ಹಿಡಿಯುವ ಆಂಬುಲೆನ್ಸಿನ ಸಿಬ್ಬಂದಿಗೆ ಆತ್ಮರಕ್ಷಣೆಗಾಗಿ ಪಿಸ್ತೂಲನ್ನು ಇರಿಸಿಕೊಳ್ಳುವ ಅನುಮತಿ ಇರಬೇಕೆ ಎಂಬ ಪ್ರಶ್ನೆಯು ಮೊದಲ ನೋಟಕ್ಕೆ ಪರದೇಶದ್ದೆಂದು ತೋರಬಹುದು. ಅಮೆರಿಕದ ಫ್ಲಾರಿಡಾ ರಾಜ್ಯವು 2019ರಲ್ಲಿ ಇಂತಹ ಅನುಮತಿಯನ್ನು ನೀಡಿದುದು ನಿಜ. ಆದರೆ ಅದು ಪೊಲೀಸರ ವಿಶೇಷ ದಳದೊಡನೆ ಕಾರ್ಯಾಚರಣೆಗೆ ಹೋಗುವ, ಶಸ್ತ್ರ ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿಗೆ ಸಂಬಂಧಿಸಿದುದು. ನಮ್ಮಲ್ಲಿ ಇಂತಹ ಕಾನೂನಿಲ್ಲ. ಆದರೂ ವೈದ್ಯರ ಮೇಲೋ ದಾದಿಯರ ಮೇಲೋ ಹಲ್ಲೆ ನಡೆದ ಸುದ್ದಿ ಬಂದಾಗಲೆಲ್ಲ ‘ಅವರ ಕೈಗೂ ಒಂದು ಪಿಸ್ತೂಲು ಕೊಡಬಾರದೇಕೆ’ ಎಂಬ ಮಾತು ಚಹದಂಗಡಿಯಲ್ಲಿಯೂ ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿಬರುತ್ತದೆ. ಇದಕ್ಕೆ ಉತ್ತರವನ್ನು ಕಾನೂನು ಪಂಡಿತರೂ ವೈದ್ಯರೂ ಹೇಳಬೇಕಾದುದು ನ್ಯಾಯವೇ. ಇತಿಹಾಸದ ವಿದ್ಯಾರ್ಥಿಯು ಇಲ್ಲಿ ತಲೆಹಾಕುವುದಕ್ಕೆ ಒಂದೇ ಕಾರಣವಿದೆ: ಚಿಕಿತ್ಸೆಯ ಕೈಯೂ ಶಸ್ತ್ರದ ಕೈಯೂ ಒಂದೇ ಬಾಗಿಲನ್ನು ಒಟ್ಟಾಗಿ ತಟ್ಟಿದರೆ ಏನಾಗುವುದೆಂಬುದು ನಮ್ಮ ನಾಡಿಗೆ ಊಹೆಯ ವಿಷಯವಲ್ಲ, ನಡೆದುಹೋದ ಸಂಗತಿ.

ಪ್ರಸ್ತುತ ಲೇಖಕನಿಗೆ ಈ ಪ್ರಶ್ನೆ ಗ್ರಂಥದಿಂದ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ತೊಗರಿ ರಾಶಿಯ ಕಾಲದಲ್ಲಿ, ಕಲಬುರಗಿ ನಗರಕ್ಕೆ ಸಮೀಪದ ಶರಣಸಿರಸಗಿಯಲ್ಲಿ, ಹೊಲದಿಂದ ಮರಳುತ್ತಿದ್ದ ತರುಣನೊಬ್ಬನು ಮೋಟರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. 108ಕ್ಕೆ ಕರೆ ಹೋಯಿತು. ವಾಹನವು ಬರುವಷ್ಟರಲ್ಲಿ ಜನ ಸೇರಿ, ಕಾದು, ಸಿಟ್ಟಾಗಿದ್ದರು. ಬಂದವರು ಇಬ್ಬರೇ: ಚಾಲಕ ಮತ್ತು ತುರ್ತು ಚಿಕಿತ್ಸೆ ನೀಡುವ ಒಬ್ಬ ತರುಣಿ. ಗಾಯಾಳುವಿನ ಸಂಬಂಧಿಕನೊಬ್ಬನು ಚಾಲಕನ ಕೊರಳಪಟ್ಟಿಯನ್ನು ಹಿಡಿದು, “ಈಗ ಬಂದೀರೇನು? ಜೀವ ಹೋದ ಮ್ಯಾಲೆ ಬರಬೇಕಂತ ಮಾಡಿದ್ರೇನು?” ಎಂದು ಕೂಗಿದನು. ಆ ತರುಣಿಯು ತಲೆ ಎತ್ತದೆ, ಗಾಯಕ್ಕೆ ಬಟ್ಟೆ ಒತ್ತುತ್ತಲೇ, “ಅಣ್ಣಾ, ಇಲ್ಲಿ ಬ್ಯಾಟರಿ ಹಿಡೀರಿ, ನನಗ ಕಾಣವಲ್ದು” ಎಂದಳು. ಕೊರಳಪಟ್ಟಿಯನ್ನು ಬಿಟ್ಟು ಬ್ಯಾಟರಿಯನ್ನು ಹಿಡಿದವನು ಅದೇ ಮನುಷ್ಯ. ಒಂದು ಘಟನೆಯಿಂದ ಸಿದ್ಧಾಂತವನ್ನು ಕಟ್ಟಲಾಗದು. ಇನ್ನೊಂದು ರಾತ್ರಿ, ಇನ್ನೊಂದು ಊರಿನಲ್ಲಿ ಆ ಮನುಷ್ಯನು ಕಲ್ಲನ್ನೆತ್ತಿಕೊಂಡಿರಬಹುದಾಗಿತ್ತು. ಆದರೆ ಚಾಲಕನ ಸೊಂಟದಲ್ಲಿ ಅಂದು ಪಿಸ್ತೂಲೊಂದು ಇದ್ದಿದ್ದರೆ ಆ ಕತ್ತಲೆಯಲ್ಲಿ ಎಷ್ಟು ಜನರ ಕೈ ಅದರ ಕಡೆಗೆ ಚಾಚುತ್ತಿದ್ದಿತೋ ಎಂಬ ವಿಚಾರವು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮೊದಲು ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬೇಕು. 1959ರ ಶಸ್ತ್ರಾಸ್ತ್ರ ಅಧಿನಿಯಮವು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಅದರ 3ನೆಯ ಪ್ರಕರಣದಂತೆ ಪರವಾನಗಿಯಿಲ್ಲದೆ ಯಾರೂ ಬಂದೂಕನ್ನು ಹೊಂದುವಂತಿಲ್ಲ. ಪೊಲೀಸರ ವರದಿಯನ್ನು ತರಿಸಿಕೊಂಡ ಮೇಲೆಯೇ ಪರವಾನಗಿ ಕೊಡುವ ಅಧಿಕಾರಿಯು ತೀರ್ಮಾನಿಸಬೇಕು. ಆಂಬುಲೆನ್ಸಿನ ನೌಕರನು ನಾಗರಿಕನಾಗಿ ಅರ್ಜಿ ಹಾಕಲು ಅಡ್ಡಿಯಿಲ್ಲ, ಆದರೆ ಅವನ ಕಸುಬಿಗೆಂದೇ ಯಾವ ವಿಶೇಷ ಹಕ್ಕೂ ಇಲ್ಲ. ಆತ್ಮರಕ್ಷಣೆಯ ಹಕ್ಕಾದರೋ ಎಲ್ಲರಿಗೂ ಉಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳು ಅದನ್ನೇ ವಿವರಿಸುತ್ತವೆ. ರಕ್ಷಣೆಗೆ ಅವಶ್ಯಕವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂಬ ಮಿತಿಯೂ ಅಲ್ಲಿಯೇ ಇದೆ. ಕೊರಳಪಟ್ಟಿಯನ್ನು ಹಿಡಿದ ಕೈಗೆ ಗುಂಡು ಉತ್ತರವಾಗಲಾರದೆಂಬುದು ಇದರಿಂದ ಸ್ಪಷ್ಟ.

ಶಸ್ತ್ರದ ಪರವಾಗಿ ಮಾತಾಡುವವರು ಜಿನೀವಾ ಒಪ್ಪಂದವನ್ನು ಮುಂದಿಡುವುದುಂಟು. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. 1949ರ ಮೊದಲನೆಯ ಜಿನೀವಾ ಒಪ್ಪಂದದ 22ನೆಯ ವಿಧಿಯು, ಸೈನ್ಯದ ವೈದ್ಯಕೀಯ ದಳದವರು ತಮ್ಮ ಮತ್ತು ತಮ್ಮ ವಶದಲ್ಲಿರುವ ಗಾಯಾಳುಗಳ ರಕ್ಷಣೆಗಾಗಿ ಶಸ್ತ್ರವನ್ನು ಧರಿಸಿದ ಮಾತ್ರಕ್ಕೆ ಅವರಿಗಿರುವ ಅಭಯವು ತಪ್ಪುವುದಿಲ್ಲವೆಂದು ಹೇಳುತ್ತದೆ. 1906ರ ಒಪ್ಪಂದದಲ್ಲಿಯೂ ಇದೇ ಭಾವವಿದ್ದಿತು. ಭಾರತವು 1950ರಲ್ಲಿ ಈ ಒಪ್ಪಂದಗಳಿಗೆ ಸ್ಥಿರೀಕರಣ ನೀಡಿ, 1960ರಲ್ಲಿ ಅದಕ್ಕಾಗಿ ಅಧಿನಿಯಮವನ್ನೂ ಮಾಡಿತು. ಆದರೆ ಆ ವಿಧಿಯನ್ನು ಪೂರ್ತಿಯಾಗಿ ಓದಬೇಕು. ಅದು ಸೈನಿಕ ಶಿಸ್ತಿಗೆ ಒಳಪಟ್ಟ, ಶಸ್ತ್ರಾಗಾರವೂ ಮೇಲಧಿಕಾರಿಯೂ ಇರುವ ದಳಕ್ಕೆ ಸಂಬಂಧಿಸಿದುದು. ಶಸ್ತ್ರಧಾರಿಗಳಾದ ಶುಶ್ರೂಷಕರು ಇಲ್ಲದೆಡೆ ಕಾವಲುಗಾರರೋ ಬೆಂಗಾವಲಿನವರೋ ಆಸ್ಪತ್ರೆಯನ್ನು ರಕ್ಷಿಸಬಹುದೆಂದೂ ಅದರಲ್ಲಿಯೇ ಇದೆ. ಅಲ್ಲದೆ ಯುದ್ಧಭೂಮಿಯಲ್ಲಿ ವೈದ್ಯನನ್ನು ಕಾಯುವುದು ಪಿಸ್ತೂಲಿಗಿಂತ ಮಿಗಿಲಾಗಿ ಅವನ ತೋಳಿನ ಪಟ್ಟಿಯ ಮೇಲಿನ ಕೆಂಪು ಶಿಲುಬೆ. ಬೋಯರ್ ಯುದ್ಧದಲ್ಲಿ, 1899-1900ರಲ್ಲಿ, ದಕ್ಷಿಣ ಆಫ್ರಿಕದ ಭಾರತೀಯರು ಗಾಂಧಿಯವರ ಮುಂದಾಳುತನದಲ್ಲಿ ಕಟ್ಟಿದ ಆಂಬುಲೆನ್ಸ್ ದಳವು ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಸಾಗಿಸಿದುದು ಕೈಯಲ್ಲಿ ಆಯುಧವಿಲ್ಲದೆಯೇ.

ಈಗ ನಮ್ಮ ನಾಡಿನ ಅನುಭವಕ್ಕೆ ಬರೋಣ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಯನ್ನು ಹಿಡಿದು ಒಳನಾಡಿಗೆ ಇಳಿಯಿತು. ಸರಕಾರವು 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಅಧಿನಿಯಮವನ್ನು ಅವಸರದಿಂದ ಜಾರಿಗೆ ತಂದಿತು. ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿದ್ದ ರ್‍ಯಾಂಡನು ಮನೆಮನೆಯ ಶೋಧನೆಗೆ ಸೈನಿಕರನ್ನು ಹಚ್ಚಿದನು. ಶೋಧನೆಯ ಉದ್ದೇಶವು ವೈದ್ಯಕೀಯವೇ ಆಗಿದ್ದಿತು. ರೋಗಿಯನ್ನು ಬೇಗ ಗುರುತಿಸಿ ಬೇರೆಯಿರಿಸಬೇಕೆಂಬುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೊಸ್ತಿಲು ದಾಟಿ ದೇವರ ಮನೆಗೂ ಅಡುಗೆಯ ಮನೆಗೂ ನುಗ್ಗಿದುದು ವೈದ್ಯನ ಕಾಲಲ್ಲ, ಸೈನಿಕನ ಬೂಟು. ಫಲವೇನಾಯಿತು? ಜನರು ರೋಗಿಗಳನ್ನು ಅಟ್ಟದ ಮೇಲೂ ಹಗೇವಿನಲ್ಲಿಯೂ ಬಚ್ಚಿಟ್ಟರು, ಸತ್ತವರನ್ನು ಗುಟ್ಟಾಗಿ ಮಣ್ಣುಮಾಡಿದರು. ರೋಗವನ್ನು ಬೆಳಕಿಗೆ ತರಬೇಕಾದ ಕ್ರಮವೇ ಅದನ್ನು ಕತ್ತಲೆಗೆ ದೂಡಿತು. 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರ ಗುಂಡಿಗೆ ರ್‍ಯಾಂಡನು ಗುರಿಯಾದುದನ್ನು ನಮ್ಮ ಪಠ್ಯಪುಸ್ತಕಗಳು ರಾಷ್ಟ್ರೀಯ ಚಳವಳಿಯ ಅಧ್ಯಾಯದಲ್ಲಿ ಹೇಳುತ್ತವೆ. ವೈದ್ಯಕೀಯ ಇತಿಹಾಸದ ಅಧ್ಯಾಯದಲ್ಲಿಯೂ ಅದನ್ನು ಓದಬೇಕೆಂಬುದು ನನ್ನ ಅಭಿಪ್ರಾಯ.

ಮೈಸೂರು ಸಂಸ್ಥಾನದಲ್ಲಿ ಆಳುವವರು ಪರಕೀಯರಾಗಿರಲಿಲ್ಲ. ಆದರೂ ಅಲ್ಲಿಯ ಕಥೆ ಬಹಳ ಬೇರೆಯಾಗಲಿಲ್ಲ. 1898ರಲ್ಲಿ ಶ್ರೀರಂಗಪಟ್ಟಣದ ನೆರೆಯ ಗಂಜಾಮಿನಲ್ಲಿ ಪ್ಲೇಗಿನ ಕಟ್ಟುಪಾಡುಗಳನ್ನು ವಿರೋಧಿಸಿ ಜನರು ದಂಗೆಯೆದ್ದರು. ಪ್ರಕರಣವು ಗೋಲಿಬಾರಿನವರೆಗೂ ಹೋಯಿತು. ಇದರಿಂದ ಒಂದು ಅಂಶವು ಮನದಟ್ಟಾಗುತ್ತದೆ. ಜನರ ರೋಷಕ್ಕೆ ಆಳುವವನ ಬಣ್ಣವೊಂದೇ ಕಾರಣವಲ್ಲ. ಔಷಧದ ಹಿಂದೆ ಬಲಾತ್ಕಾರವು ನಿಂತಿದೆಯೆಂಬ ಅರಿವೂ ಕಾರಣ. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹಾಫ್ಕಿನ್ನನ ಲಸಿಕೆಯನ್ನು ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಚುಚ್ಚಿಸಿಕೊಂಡರು. ಆಡಳಿತದ ಒತ್ತಡವು ಅಲ್ಲಿ ಇರಲೇ ಇಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಆದರೆ ಚುಚ್ಚಿಸಿಕೊಂಡ ನೆರೆಯವನು ಬದುಕಿ ಉಳಿದುದನ್ನು ಕಣ್ಣಾರೆ ಕಂಡ ಮೇಲೆ ಸೂಜಿಯ ಭಯವು ತಗ್ಗುವುದು ಸಹಜ; ಬಂದೂಕಿನ ಭಯವು ಹಾಗೆ ಪರಿಚಯದಿಂದ ತಗ್ಗುವಂತಹುದಲ್ಲ.

ನಮ್ಮ ಕಲಬುರಗಿಯ ಸೀಮೆಗೆ ಈ ಮಾತು ಇನ್ನೂ ಒಂದು ಕಾರಣದಿಂದ ಅನ್ವಯಿಸುತ್ತದೆ. ನಿಜಾಮನ ಆಳಿಕೆಯ ಕೊನೆಯ ದಿನಗಳಲ್ಲಿ, 1947-48ರಲ್ಲಿ, ರಜಾಕಾರರ ಗುಂಪುಗಳು ಶಸ್ತ್ರಸಹಿತವಾಗಿ ಹಳ್ಳಿಗಳಿಗೆ ಬರುತ್ತಿದ್ದುದನ್ನು ಕಂಡವರು ಈಗ ಬಹಳ ಜನ ಉಳಿದಿಲ್ಲ. ಆದರೂ ರಾತ್ರಿ ವಾಹನದ ಸದ್ದಾದರೆ ಮಕ್ಕಳನ್ನು ಒಳಕ್ಕೆ ಕರೆದು ಅಗಳಿ ಹಾಕುತ್ತಿದ್ದ ಅಜ್ಜಿಯರ ಕಥೆಯನ್ನು ಕೇಳದೆ ಬೆಳೆದವರು ನನ್ನ ತಲೆಮಾರಿನಲ್ಲಿ ವಿರಳ. ರಾತ್ರಿ ಬರುವ ಒಂದು ವಾಹನಕ್ಕಾದರೂ ಊರು ಹೆದರದೆ ಬಾಗಿಲು ತೆರೆಯುವುದೆಂದರೆ ಅದು ಸಣ್ಣ ಗಳಿಕೆಯಲ್ಲ. ರಾಜ್ಯದಲ್ಲಿ 108ರ ‘ಆರೋಗ್ಯ ಕವಚ’ ಸೇವೆಯು 2008ರ ನವೆಂಬರಿನಲ್ಲಿ ಆರಂಭವಾದಂದಿನಿಂದ ಈ ಗಳಿಕೆಯು ಸ್ವಲ್ಪ ಸ್ವಲ್ಪವಾಗಿ ಕೂಡಿಬಂದಿದೆ.

ಇತ್ತೀಚಿನ ಪರೀಕ್ಷೆ ನಡೆದುದು 2020ರಲ್ಲಿ. ಕೊರೋನಾ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಸಾವು ಕಲಬುರಗಿಯದೆಂದು ಆ ವರ್ಷದ ಮಾರ್ಚ್ 12ರಂದು ದೃಢಪಟ್ಟಿತು. ಕೆಲವೇ ದಿನಗಳಲ್ಲಿ ಆ ರೋಗಿಗೆ ಚಿಕಿತ್ಸೆ ನೀಡಿದ ವೈದ್ಯರಿಗೂ ಸೋಂಕು ತಗಲಿತು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಮನೆಮನೆಯ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ಒಂದು ಬಡಾವಣೆಯಲ್ಲಿ ಗುಂಪು ಮುತ್ತಿತು. 19ನೆಯ ತಾರೀಖಿನಂದು ಪಾದರಾಯನಪುರದಲ್ಲಿ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕರೆದೊಯ್ಯಲು ಹೋದಾಗ ಗಲಭೆಯಾಯಿತು. ಎರಡನೆಯ ಪ್ರಸಂಗದಲ್ಲಿ ಪೊಲೀಸರು ಇದ್ದೇ ಇದ್ದರು. ತನ್ನ ಮನೆಯವರನ್ನು ಒಯ್ಯುವವರು ಅವರನ್ನು ಮರಳಿ ಕಳುಹಿಸುವರೋ ಇಲ್ಲವೋ ಎಂಬ ಶಂಕೆಯು 1897ರಲ್ಲಿ ಹೇಗಿದ್ದಿತೋ ಹಾಗೆಯೇ ಇದ್ದಿತೆಂಬುದನ್ನು ಗಮನಿಸಬೇಕು. ಹಲ್ಲೆಯನ್ನು ಇದರಿಂದ ಸಮರ್ಥಿಸಿದಂತಾಗುವುದಿಲ್ಲ. ಆಶಾ ಕಾರ್ಯಕರ್ತೆಯರು ಮರುದಿನವೂ ಬರಿಗೈಯಲ್ಲಿಯೇ ಬಾಗಿಲು ತಟ್ಟಬೇಕಾಗಿದ್ದಿತು, ತಟ್ಟಿದರು. ಅವರ ಚೀಲದಲ್ಲಿ ಪಿಸ್ತೂಲಿದೆಯೆಂದು ಒಂದು ಸಲ ಸುದ್ದಿಯಾದ ಬೀದಿಯಲ್ಲಿ ಮನೆಯೊಳಗೆ ಜ್ವರವಿದೆಯೆಂದು ಯಾರು ಹೇಳಿಯಾರು?

ಇನ್ನು ಕೆಲಸದ ರೀತಿಯನ್ನು ನೋಡಿದರೂ ಪಿಸ್ತೂಲಿಗೆ ಎಡೆ ಕಾಣುವುದಿಲ್ಲ. ಆಂಬುಲೆನ್ಸಿನ ಹಿಂಭಾಗವು ಇಕ್ಕಟ್ಟಿನದು. ಸ್ಟ್ರೆಚರ್, ಆಮ್ಲಜನಕದ ಸಿಲಿಂಡರು, ರೋಗಿ, ಜೊತೆಗೆ ಹತ್ತಿಕೊಂಡ ಒಬ್ಬಿಬ್ಬರು ಸಂಬಂಧಿಕರು. ಶುಶ್ರೂಷೆ ಮಾಡುವವರ ಎರಡು ಕೈಗಳೂ ರೋಗಿಯ ಮೇಲಿರುತ್ತವೆ, ಬೆನ್ನು ಇತರರ ಕಡೆಗಿರುತ್ತದೆ. ಕುಡಿದವನು, ಮತಿಭ್ರಮಣೆಯಾದವನು, ಸಕ್ಕರೆಯ ಅಂಶ ತಗ್ಗಿ ಅರಿವು ತಪ್ಪಿ ಹೊಡೆದಾಡುವವನು, ಇವರೆಲ್ಲ ಅಲ್ಲಿ ರೋಗಿಗಳೇ. ಹೊಡೆಯುವವನು ಬಹುಮಟ್ಟಿಗೆ ಯಾರ ಪ್ರಾಣವನ್ನು ಉಳಿಸಬೇಕೋ ಅವನೇ ಆಗಿರುವ, ಇಲ್ಲವೆ ಅವನ ಅಣ್ಣತಮ್ಮನಾಗಿರುವ ಉದ್ಯೋಗ ಇನ್ನೊಂದು ಇದೆಯೆ? ಆಯುಧವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಬೇಕಾದಾಗ ದೊರೆಯದು. ಸೊಂಟದಲ್ಲಿಟ್ಟುಕೊಂಡರೆ ಮೊದಲು ಯಾರ ಕೈಗೆ ದೊರೆಯುವುದೆಂಬುದನ್ನು ಹೇಳಲಾಗದು.

ಇಷ್ಟು ಹೇಳಿ ನಿಲ್ಲಿಸುವುದು ಸುಲಭ, ಆದರೆ ನ್ಯಾಯವಲ್ಲ. ‘ನೀನು ಶಸ್ತ್ರ ಹಿಡಿಯಕೂಡದು’ ಎಂದು ಸಮಾಜವು ಒಬ್ಬನಿಗೆ ಹೇಳಿದ ಗಳಿಗೆಯಿಂದಲೇ ಅವನನ್ನು ಕಾಯುವ ಹೊಣೆಯು ಸಮಾಜದ ಮೇಲೆ ಬೀಳುತ್ತದೆ. ಆ ಹೊಣೆಯನ್ನು ನಾವು ಅರ್ಧ ಮಾತ್ರ ಹೊತ್ತಿದ್ದೇವೆ. ಕರ್ನಾಟಕವು 2009ರಲ್ಲಿ ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲಣ ಹಿಂಸೆಯನ್ನು ನಿಷೇಧಿಸುವ ಅಧಿನಿಯಮವನ್ನು ಮಾಡಿ, ಮೂರು ವರ್ಷಗಳವರೆಗಿನ ಸೆರೆವಾಸವನ್ನೂ 50,000 ರೂಪಾಯಿಯವರೆಗಿನ ದಂಡವನ್ನೂ ವಿಧಿಸಿತು. ಅಪರಾಧವನ್ನು ಜಾಮೀನುರಹಿತವೆಂದು ಸಾರಿತು. ಆದರೆ ಅದರ ಪೂರ್ಣ ಹೆಸರೇ ಸೂಚಿಸುವಂತೆ ಅದು ಸೇವಾ ಸಂಸ್ಥೆಯನ್ನು, ಎಂದರೆ ಗೋಡೆ ಬಾಗಿಲುಗಳುಳ್ಳ ಆಸ್ಪತ್ರೆಯನ್ನು, ಕಣ್ಣಮುಂದಿಟ್ಟುಕೊಂಡು ರಚಿತವಾದುದು. ಸಂಚಾರಿ ವೈದ್ಯಕೀಯ ಘಟಕವನ್ನು ಹೆಸರಿಸಿ ರಕ್ಷಣೆ ಕೊಟ್ಟುದು 1897ರ ಅಧಿನಿಯಮಕ್ಕೆ 2020ರಲ್ಲಿ ಆದ ತಿದ್ದುಪಡಿ. ತನಿಖೆಯನ್ನು 30 ದಿನಗಳಲ್ಲಿ ಮುಗಿಸಬೇಕು, ತೀವ್ರ ಗಾಯವಾದಲ್ಲಿ ಏಳು ವರ್ಷಗಳವರೆಗೆ ಸೆರೆ ಎಂದು ಅದು ಹೇಳುತ್ತದೆ. ಆದರೆ ಅದು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ. ರ್‍ಯಾಂಡನಿಗೆ ಅಧಿಕಾರ ಕೊಟ್ಟ ಕಾನೂನೇ ನೂರಿಪ್ಪತ್ತಮೂರು ವರ್ಷಗಳ ಮೇಲೆ ಆಶಾ ಕಾರ್ಯಕರ್ತೆಗೆ ಆಸರೆಯಾದುದು ವಿಚಿತ್ರವೇ ಸರಿ. ಕೋಲ್ಕತ್ತದ ಆಸ್ಪತ್ರೆಯಲ್ಲಿ 2024ರ ಆಗಸ್ಟ್ 9ರಂದು ತರುಣ ವೈದ್ಯೆಯ ಕೊಲೆಯಾದ ಬಳಿಕ ಕೇಂದ್ರವು, ಹಲ್ಲೆಯಾದ ಆರು ಗಂಟೆಗಳೊಳಗೆ ಸಂಸ್ಥೆಯ ಮುಖ್ಯಸ್ಥನೇ ಪೊಲೀಸರಿಗೆ ದೂರು ಕೊಡಬೇಕೆಂದು ತನ್ನ ಆಸ್ಪತ್ರೆಗಳಿಗೆ ಸೂಚಿಸಿತು. ಸರ್ವೋಚ್ಚ ನ್ಯಾಯಾಲಯವು ಆ ಆಸ್ಪತ್ರೆಗೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯನ್ನು ಕಾವಲಿಗೆ ಹಾಕಿಸಿತು. ಕಾಯುವ ಕೈ ಬೇರೆ, ಚಿಕಿತ್ಸೆಯ ಕೈ ಬೇರೆ ಎಂಬ ವಿವೇಕ ಇಲ್ಲಿದೆ. ಆದರೆ ಇದೂ ಗೋಡೆಯೊಳಗಿನ ಏರ್ಪಾಡೇ.

ರಸ್ತೆಯ ಮೇಲಿನವರಿಗೆ ಏನು? ಸ್ಥಳವು ಅಪಾಯರಹಿತವೆಂದು ಖಚಿತವಾಗುವವರೆಗೆ ಒಳನುಗ್ಗಬಾರದೆಂಬುದು ತುರ್ತು ಚಿಕಿತ್ಸೆಯ ತರಬೇತಿಯಲ್ಲಿ ಮೊದಲನೆಯ ಪಾಠ. ಹೊಡೆದಾಟದ ಕರೆ ಬಂದಲ್ಲಿ ಪೊಲೀಸರು ಬರುವವರೆಗೆ ದೂರದಲ್ಲಿ ನಿಲ್ಲಬೇಕು. ಆದರೆ ಜನರ ಸಿಟ್ಟಿಗೆ ಮುಖ್ಯ ಕಾರಣವೇ ವಿಳಂಬ. ರಕ್ಷಣೆಗಾಗಿ ಕಾದಷ್ಟೂ ರಕ್ಷಣೆಯ ಅಗತ್ಯ ಹೆಚ್ಚುತ್ತದೆ. ಈ ತೊಡಕನ್ನು ಪಿಸ್ತೂಲೂ ಬಿಡಿಸದು, ಉಪದೇಶವೂ ಬಿಡಿಸದು. 108ರ ಕರೆಯೂ ಪೊಲೀಸರ 112ರ ಕರೆಯೂ ಒಂದೇ ಗಳಿಗೆಯಲ್ಲಿ ಎರಡೂ ಕಡೆ ಮುಟ್ಟುವುದು, ತಾಲೂಕಿನಲ್ಲಿ ವಾಹನಗಳ ಸಂಖ್ಯೆ ಹೆಚ್ಚುವುದು, ಆಂಬುಲೆನ್ಸಿನ ಮೇಲಿನ ಹಲ್ಲೆಗೆ ವರ್ಷದ ಎಲ್ಲ ಕಾಲಕ್ಕೂ ಅನ್ವಯಿಸುವ ಕಾನೂನು, ಮತ್ತು ದೂರನ್ನು ನೌಕರನಲ್ಲದೆ ಅವನ ಸಂಸ್ಥೆಯೇ ಕೊಡಬೇಕೆಂಬ ನಿಯಮ, ಇವು ಬಿಡಿಸಿದರೆ ಬಿಡಿಸಬೇಕು.

ಶರಣಸಿರಸಗಿಯ ಆ ಚಾಲಕನು ದೂರು ಕೊಡಲಿಲ್ಲ. ಕೊಡಬೇಕಾಗಿದ್ದರೆ ಪಾಳಿ ಮುಗಿದ ಮೇಲೆ ತಾನೇ ಠಾಣೆಗೆ ಹೋಗಬೇಕಾಗಿದ್ದಿತು. ಗಾಯಾಳುವನ್ನು ಆಸ್ಪತ್ರೆಯಲ್ಲಿ ಇಳಿಸಿ, ಹರಿದ ಅಂಗಿಯ ಗುಂಡಿಗೆ ಪಿನ್ನು ಚುಚ್ಚಿಕೊಳ್ಳುತ್ತಿರುವಷ್ಟರಲ್ಲಿಯೇ ಕಮಲಾಪುರದ ಕಡೆಯಿಂದ ಇನ್ನೊಂದು ಕರೆ ಬಂದಿತ್ತು.