'ಕ್ಲೋಸ್ ಫ್ರೆಂಡ್ಸ್'ಗೆ ಮಾತ್ರ ಹಾಕಿದ ಫೋಟೋ ಹೊರಗೆ ಹೋಗುವುದೇ ಇಲ್ಲವೇ?

"ಕ್ಲೋಸ್ ಫ್ರೆಂಡ್ಸ್‌ಗೆ ಮಾತ್ರ ಹಾಕಿದ್ದೀನಿ, ಬೇರೆ ಯಾರಿಗೂ ಕಾಣಲ್ಲ." ಹಲವರು ಹೀಗೆ ನಂಬಿದ್ದಾರೆ. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಏನೆಂದು ನೋಡೋಣ.

ಸೆಟ್ಟಿಂಗ್ ಏನು ಮಾಡುತ್ತದೆ?

ಬಸವಕಲ್ಯಾಣದ ಯುವತಿಯೊಬ್ಬರು ತಮ್ಮ ಫೋಟೋವನ್ನು ಹುಮನಾಬಾದ್‌ನ ನಾಲ್ವರು ಗೆಳತಿಯರಿಗೆ ಮಾತ್ರ ತೋರಿಸಬೇಕು ಎಂದುಕೊಳ್ಳಿ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಆಯ್ದವರಿಗಷ್ಟೇ ತೋರಿಸುವ ಆಯ್ಕೆ ಇದೆ. ಇನ್‌ಸ್ಟಾಗ್ರಾಂ 2018ರಲ್ಲಿ 'ಕ್ಲೋಸ್ ಫ್ರೆಂಡ್ಸ್' ಪಟ್ಟಿ ತಂದಿತು. ಪಟ್ಟಿಯಲ್ಲಿ ಇಲ್ಲದವರಿಗೆ ಫೋಟೋ ತಲುಪದಂತೆ ಇವು ತಡೆಯುತ್ತವೆ.

ಆದರೆ ಫೋಟೋ ಗೆಳತಿಯ ಫೋನ್ ಸೇರಿದ ಮೇಲೆ ಸೆಟ್ಟಿಂಗ್‌ನ ಕೆಲಸ ಮುಗಿಯಿತು. ಸ್ಟೇಟಸ್ ಅಥವಾ ಸ್ಟೋರಿಯ ಸ್ಕ್ರೀನ್‌ಶಾಟ್ ತೆಗೆದರೆ ನಿಮಗೆ ಗೊತ್ತಾಗುವುದಿಲ್ಲ. ಆ ಫೋನನ್ನು ಮನೆಯವರೆಲ್ಲ ಬಳಸುತ್ತಿದ್ದರೆ ಮನೆಯವರೆಲ್ಲರಿಗೂ ಅದು ಕಾಣಬಹುದು. ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿಯನ್ನು ಆಮೇಲೆ ಬದಲಿಸಿದರೂ ಈಗಾಗಲೇ ಹಾಕಿದ ಸ್ಟೇಟಸ್‌ಗೆ ಅದು ಅನ್ವಯಿಸುವುದಿಲ್ಲ.

'ವ್ಯೂ ಒನ್ಸ್' ಸುರಕ್ಷಿತವೇ?

ಒಮ್ಮೆ ನೋಡಿದ ಬಳಿಕ ಮಾಯವಾಗುವ ಈ ಸೌಲಭ್ಯವನ್ನು ವಾಟ್ಸ್‌ಆ್ಯಪ್ 2021ರಲ್ಲಿ ತಂದಿತು. ಸ್ಕ್ರೀನ್‌ಶಾಟ್‌ಗೂ ನಂತರ ತಡೆ ಹಾಕಿತು. ಆದರೆ ಇನ್ನೊಂದು ಫೋನಿನಿಂದ ಆ ಪರದೆಯ ಫೋಟೋ ತೆಗೆದರೆ ಯಾವ ಆ್ಯಪ್ ಕೂಡ ತಡೆಯಲಾರದು.

ಲಿಂಕ್ ಕಳಿಸಿದರೆ?

ಗೂಗಲ್ ಫೋಟೋಸ್ ಆಲ್ಬಮ್‌ಗೆ ಲಿಂಕ್ ಮಾಡಿ ಕಳಿಸಿದರೆ, ಆ ಲಿಂಕ್ ಸಿಕ್ಕ ಯಾರು ಬೇಕಾದರೂ ತೆರೆದು ನೋಡಬಹುದು. ಅದು ಗ್ರೂಪಿಗೆ ಫಾರ್ವರ್ಡ್ ಆದರೆ ಇಡೀ ಗ್ರೂಪಿಗೆ ಕೀಲಿಕೈ ಕೊಟ್ಟಂತೆ. ಲಿಂಕ್ ಬದಲು ಗೆಳತಿಯರ ಖಾತೆಗಳನ್ನೇ ಆಲ್ಬಮ್‌ಗೆ ಸೇರಿಸಿ, ಕೆಲಸ ಮುಗಿದ ಮೇಲೆ ಹಂಚಿಕೆ ನಿಲ್ಲಿಸಿ.

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

"ಅವಳೇ ಕಳಿಸಿದ್ದಳಲ್ಲ" ಎಂಬ ವಾದವೂ ನಡೆಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77 ಮಹಿಳೆಯ ತೀರಾ ಖಾಸಗಿ ಕ್ಷಣಗಳ ಚಿತ್ರಗಳ ಬಗ್ಗೆ ಇದೆ. ಅಂಥ ಚಿತ್ರ ತೆಗೆಯಲು ಆಕೆ ಒಪ್ಪಿದ್ದರೂ, ಬೇರೆಯವರಿಗೆ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧ. ಮೊದಲ ಬಾರಿಗೆ 1ರಿಂದ 3 ವರ್ಷ ಜೈಲು ಮತ್ತು ದಂಡ. ಸಾಮಾನ್ಯ ಫೋಟೋವನ್ನು ಅಶ್ಲೀಲವಾಗಿ ಎಡಿಟ್ ಮಾಡಿ ಹರಡಿದರೆ ಐಟಿ ಕಾಯ್ದೆಯ ಸೆಕ್ಷನ್ 67 ಅನ್ವಯಿಸುತ್ತದೆ.

ಫೋಟೋ ಸೋರಿದರೆ ಏನು ಮಾಡಬೇಕು?

• ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ನಂಬರ್, ದಿನಾಂಕ, ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.
• ಬೆದರಿಸಿ ಹಣ ಕೇಳಿದರೆ ಕೊಡಬೇಡಿ. ಕೊಟ್ಟವರನ್ನು ಮತ್ತೆ ಕೇಳುತ್ತಾರೆ.
• ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ಕೊಡಿ. ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ನೀಡಬಹುದು. ಸಹಾಯವಾಣಿ 1930. ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು.
• 18 ದಾಟಿದವರು ತಮ್ಮ ನಗ್ನ ಅಥವಾ ತೀರಾ ಖಾಸಗಿ ಚಿತ್ರಗಳಿಗೆ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಬಳಸಬಹುದು. ಫೋಟೋ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಡಿಜಿಟಲ್ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗಿ, ಅದೇ ಚಿತ್ರವನ್ನು ತಡೆಯಲು ನೆರವಾಗುತ್ತದೆ. ವಾಟ್ಸ್‌ಆ್ಯಪ್ ಚಾಟ್‌ಗಳಲ್ಲಿ ಹರಿದಾಡುವುದನ್ನು ಇದು ತಡೆಯಲಾರದು.

ಆ ಚಾಟ್‌ಗಳಲ್ಲಿ ತಡೆಯಬಲ್ಲವರು ನೀವೇ. ಯಾರದೋ ಖಾಸಗಿ ಫೋಟೋ ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ, "ಯಾರಿವಳು?" ಎಂದು ಕೇಳಲೂಬೇಡಿ. ರಿಪೋರ್ಟ್ ಮಾಡಿ, ಸಾಧ್ಯವಾದರೆ ಆ ವ್ಯಕ್ತಿಗೆ ತಿಳಿಸಿ. ತಪ್ಪು ಹರಡಿದವರದು, ನಂಬಿ ಕಳಿಸಿದವರದಲ್ಲ.

ನಮ್ಮ ತೀರ್ಮಾನ: ಹೇಳಿಕೆ ಅರ್ಧಸತ್ಯ. ಯಾರು ಮೊದಲು ನೋಡಬೇಕು ಎಂಬುದನ್ನಷ್ಟೇ ಸೆಟ್ಟಿಂಗ್ ನಿರ್ಧರಿಸುತ್ತದೆ. ಅದು ಮುಂದೆ ಹೋಗುತ್ತದೋ ಇಲ್ಲವೋ ಎಂಬುದು ನೋಡಿದವರ ಕೈಯಲ್ಲಿದೆ.