ಸಿದ್ದಿ ಮಹಿಳೆಯರ ಪುಟ್ಟ ಕೌದಿಗಳು

ಚಳ್ಳಕೆರೆಯ ಕಂಬಳಿಗೂ ಮೊಳಕಾಲ್ಮೂರಿನ ರೇಷ್ಮೆ ಸೀರೆಗೂ ಮಗ್ಗ ಬೇಕು. ಹಳೆಯ ಬಟ್ಟೆಯ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಹೊದಿಕೆಯಾದ ಕೌದಿಗಾದರೋ ಸೂಜಿ, ದಾರ, ಬಿಡುವಿನ ವೇಳೆ ಸಾಕಾಗುವುದರಿಂದ, ಅದು ಯಾವುದೇ ಹಳ್ಳಿಯ ಯಾವ ಮನೆಯಲ್ಲಾದರೂ ಹುಟ್ಟಬಲ್ಲ ಕಲೆ.

ಈ ಕಲೆಯ ಅತ್ಯಂತ ಸ್ವತಂತ್ರ ರೂಪ ಕಾಣುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರಲ್ಲಿ. ಅವರು ‘ಕವಂದಿ’ ಎಂದು ಕರೆಯುವ ಈ ಹೊದಿಕೆಗೆ ಸಾಮಾನ್ಯವಾಗಿ ಹಳೆಯ ಹತ್ತಿ ಸೀರೆಯೇ ತಳಹಾಸು. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ನಡುವಿಗೆ ಸಾಗುತ್ತದೆ; ತುಂಡು ಜೋಡಿಸುವುದೂ ಪದರ ಬಿಗಿಯುವುದೂ ಒಟ್ಟಿಗೇ ನಡೆಯುವುದರಿಂದ ವಿನ್ಯಾಸವು ಕಾಗದದ ಮೇಲಲ್ಲ, ಕೈಯಲ್ಲೇ ನಿರ್ಧಾರವಾಗುತ್ತದೆ. ನಾಲ್ಕೂ ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೊಲಿಯುವ ‘ಫೂಲ’, ಅಂದರೆ ಹೂವು, ಇಲ್ಲದಿದ್ದರೆ ಕೆಲಸ ಮುಗಿದಂತೆ ಅವರು ಭಾವಿಸುವುದಿಲ್ಲ. ಕ್ರೈಸ್ತ ಸಿದ್ದಿಯರ ಕೌದಿಗಳಲ್ಲಿ ಶಿಲುಬೆಯೂ ಮುಸ್ಲಿಂ ಸಿದ್ದಿಯರ ಕೌದಿಗಳಲ್ಲಿ ಅರ್ಧಚಂದ್ರವೂ ಕಾಣಿಸುವುದುಂಟು.

ಸಂಗ್ರಹಿಸಲು ತೊಡಗುವವರಿಗೆ ಹಸುಗೂಸುಗಳಿಗಾಗಿ ಹೊಲಿಯುವ ಪುಟ್ಟ ಕೌದಿಗಳೇ ಉತ್ತಮ ಆರಂಭ, ಏಕೆಂದರೆ ಬಣ್ಣಗಳ ಆಯ್ಕೆಯೂ ಹೊಲಿಗೆಯ ಸಾಲುಗಳು ಮೂಲೆಯಲ್ಲಿ ತಿರುಗುವ ಬಗೆಯೂ ಅಲ್ಲಿ ಒಂದೇ ನೋಟಕ್ಕೆ ದಕ್ಕುತ್ತವೆ. ಯಂತ್ರದ ಸಮತೆಯನ್ನು ಇಲ್ಲಿ ಅಳತೆಗೋಲಾಗಿಸುವುದು ಅನ್ಯಾಯ. ಟಾಕುಗಳ ಏರಿಳಿತವೇ ಹೊಲಿದವರ ಕೈಬರಹ. ಆದ್ದರಿಂದ ಅವರ ಹೆಸರು, ಊರು, ವರ್ಷಗಳನ್ನು ಕೊಂಡಾಗಲೇ ಬರೆದಿಡಬೇಕು. ಬಿಸಿಲು ತಾಗದ ಒಣ ಜಾಗದಲ್ಲಿಟ್ಟು, ಒಂದೇ ಗೆರೆಯಲ್ಲಿ ಬಟ್ಟೆ ಸವೆಯದಂತೆ ಮಡಿಕೆಯನ್ನು ಆಗಾಗ ಬದಲಿಸಬೇಕು.